ಶುಟ್ಕಾದ ಬೀದಿಯಲ್ಲಿ ನೀರಾ

ಸಾಗರ

ಯುಗೊಸ್ಲಾವಿಯಾಕ್ಕೆ ಹೋಗಿ ಬಂದ ಮೇಲೆ ನಮ್ಮ ಶಾಲೆಯ ಟೀಚರುಗಳು ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ಊಟಕ್ಕೆ ಎಂತ ಮಾಡಿದ್ರಿ ಸುಮಿತ್ರಾ?” ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಗಂಡನನ್ನು ಮಣ್ಣು ಮಾಡಿದ ಜಾಗ ನೋಡಲು ಹೋದವಳ ಹತ್ತಿರ ಪ್ರವಾಸ ಹೇಗಾಯಿತು ಎಂದು ಕೇಳುವುದಾದರೂ ಹೇಗೆ? ಪಾಪ, ಅವರ ಸಂಕೋಚ ಅವರಿಗೆ.

ನಮ್ಮ ಮನೆಯವರು, ನಾಗರಾಜ, ಲಿಂಗನಮಕ್ಕಿಯ ಪವರ್‌ಹೌಸಿನಲ್ಲಿ ಸೂಪರ್‌ವೈಸರ್ ಆಗಿದ್ದರು. ಅಲ್ಲಿಂದ ಒಂದು ವರ್ಷದ ತರಬೇತಿಗೆಂದು ಯುಗೊಸ್ಲಾವಿಯಾದ ಸ್ಕೋಪಿಯೆ ಎಂಬ ಊರಿನ ಕಾರ್ಖಾನೆಗೆ ಹೋದರು. ತರಬೇತಿ ಮುಗಿಯುತ್ತ ಬಂದಾಗ, ಚಳಿಗಾಲದಲ್ಲಿ, ನ್ಯುಮೋನಿಯಾ ಆಯಿತು. ಕಾಯಿಲೆಯ ತಂತಿಯೂ ಸಾವಿನ ತಂತಿಯೂ ನಮ್ಮನೆಗೆ ಒಟ್ಟಿಗೇ ಬಂದವು. ದೇಹ ತರಿಸಿಕೊಳ್ಳುವ ದಾರಿ ಯಾರಿಗೂ ತಿಳಿಯಲಿಲ್ಲ. ಅಲ್ಲಿಯವರು ಅಲ್ಲೇ ಮಣ್ಣು ಮಾಡಿದರು. ನಾವು ಇಲ್ಲಿ ದರ್ಭೆಯ ಬೊಂಬೆ ಮಾಡಿ ಸುಟ್ಟೆವು. ಬೊಂಬೆ ಎಷ್ಟು ಬೇಗ ಉರಿದು ಹೋಯಿತೆಂದರೆ ಅಳುವುದಕ್ಕೂ ಪುರುಸೊತ್ತಾಗಲಿಲ್ಲ.

ಮರುಬೇಸಿಗೆಯಲ್ಲಿ ಆ ಕಾರ್ಖಾನೆಯ ಕಾರ್ಮಿಕರೇ ಸೇರಿ ಕಲ್ಲು ನಿಲ್ಲಿಸುತ್ತೇವೆ, ಹೆಂಡತಿ ಬರಲಿ ಎಂದು ಕರೆಸಿಕೊಂಡರು. ಓಣಿಯಲ್ಲಿ ಮಾತಾಯಿತು. “ವರ್ಷ ತುಂಬ್ಲಿಲ್ಲ, ವಿಮಾನ ಹತ್ತಾಳಂತೆ” ಎಂದರು. ನಾನು ಹಿಂದೆ ಮುಂದೆ ನೋಡುತ್ತಿದ್ದಾಗ ಅತ್ತೆಯೇ ಹೇಳಿದರು:

“ಹೋಗ್ ಬಾ ಮಗಾ. ಯಾರಾದ್ರೂ ಒಬ್ರು ಕಣ್ಣಲ್ಲಿ ನೋಡಿ ಬಂದು ಹೇಳ್ದೆ ನಂಗೆ ನಂಬಕ್ಕಾಗದಿಲ್ಲ. ಎಲ್ಲೋ ಡ್ಯೂಟಿ ಮೇಲಿದಾನೆ, ಬಸ್ಸು ತಪ್ಪಿದೆ, ಹಂಗೇ ಅನ್ನಿಸ್ತದೆ.”

ಬೆಲ್‌ಗ್ರೇಡಿನಿಂದ ರೈಲು

ವಿಮಾನ ಇಳಿದದ್ದು ಬೆಲ್‌ಗ್ರೇಡಿನಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಇಡೀ ಹಗಲು ರೈಲು. ಎದುರಿನ ಸೀಟಿನಲ್ಲಿ ಅಡಿಯಿಂದ ಮುಡಿವರೆಗೆ ಕಪ್ಪು ತೊಟ್ಟ ಮುದುಕಿಯೊಬ್ಬಳು ಕೂತಿದ್ದಳು. ಊಟದ ಹೊತ್ತಿಗೆ ಬುತ್ತಿ ಬಿಚ್ಚಿ, ಸುಟ್ಟ ದಪ್ಪಮೆಣಸಿನಕಾಯಿ ಮತ್ತು ರೊಟ್ಟಿ ನನ್ನ ಮುಂದೆ ಹಿಡಿದಳು. ನಾನು ನಮ್ಮ ಅಭ್ಯಾಸದಂತೆ ‘ಆಗಲಿ’ ಎಂದು ತಲೆಯನ್ನು ಅತ್ತಿತ್ತ ಓಲಿಸಿದೆ. ಅವಳು ಮುಖ ಸಣ್ಣ ಮಾಡಿ ವಾಪಸ್ ತೆಗೆದುಕೊಂಡಳು. ನನಗೆ ಹಸಿವು. ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿದಳು. ನಾನು ಇನ್ನೂ ಜೋರಾಗಿ ಓಲಿಸಿದೆ. ಮತ್ತೆ ಹೋಯಿತು. ಮೂರನೇ ಸಲಕ್ಕೆ ನಾಚಿಕೆ ಬಿಟ್ಟು ಕೈಹಾಕಿಯೇ ತೆಗೆದುಕೊಂಡೆ. ಅವಳು ನಕ್ಕಳು. ಹಲ್ಲಿಲ್ಲದ ಬಾಯಿ.

ಆಮೇಲೆ ತನ್ನ ಕಪ್ಪು ಬಟ್ಟೆ ತೋರಿಸಿ, ಬೆರಳಿನ ಉಂಗುರ ಮುಟ್ಟಿ, ಕೈಯನ್ನು ನೆಲದ ಕಡೆ ತಿರುಗಿಸಿದಳು. ಗಂಡ ಇಲ್ಲ. ನಾನು ಬರಿದಾದ ಕೊರಳು ಮುಟ್ಟಿ ತೋರಿಸಿದೆ. ನಮ್ಮಲ್ಲಿ ಗಂಡ ಹೋದವಳ ಮೈಮೇಲಿಂದ ಒಂದೊಂದೇ ತೆಗೆಯುತ್ತಾರೆ, ಅಲ್ಲಿ ಮೇಲೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಅವಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡೇ ನಿದ್ದೆ ಹೋದಳು.

ಸ್ಕೋಪಿಯೆ

ಸ್ಟೇಷನ್ನಿನಲ್ಲಿ ನನ್ನನ್ನು ಎದುರುಗೊಂಡವಳು ಆಯ್ಶೆ ಎಂಬ ಕಾಲೇಜು ಹುಡುಗಿ. ಇಂಗ್ಲಿಷ್ ಓದುತ್ತಿದ್ದಳು. ಅವಳ ಅಪ್ಪ ರಾಮೋ ನಮ್ಮ ಮನೆಯವರ ಜೊತೆ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ನಾಗರಾಜರ ಕಾಗದಗಳಲ್ಲಿ ರಾಮೋನ ಹೆಸರು ಎಷ್ಟು ಸಲ ಬಂದಿತ್ತೆಂದರೆ, ಅತ್ತೆ “ಅವನ್ಯಾರು ರಾಮಣ್ಣ, ನಮ್ಮ ಕಡೆಯೋನಾ?” ಎಂದು ಕೇಳಿದ್ದುಂಟು.

ಒಂದು ರೀತಿಯಲ್ಲಿ ನಮ್ಮ ಕಡೆಯವನೇ. ರಾಮೋ ರೋಮಾ ಜನದವನು. ಸಾವಿರ ವರ್ಷದ ಹಿಂದೆ ಇಂಡಿಯಾ ಬಿಟ್ಟು ಹೊರಟು, ನಡೆಯುತ್ತ ನಡೆಯುತ್ತ ಯುರೋಪು ಸೇರಿದವರು ಎಂದು ಹೇಳಿಕೊಳ್ಳುವ ಜನ. ಮದುವೆಮನೆಗಳಲ್ಲಿ ಬಾರಿಸುವುದು, ಊದುವುದು ಅವರಲ್ಲಿ ಹಲವರಿಗೆ ತಲೆತಲಾಂತರದ ಕಸುಬು. ರಾಮೋ ವಾರವಿಡೀ ಕಾರ್ಖಾನೆಯಲ್ಲಿ ಸರಕಿನ ಗಾಡಿ ಓಡಿಸುತ್ತಿದ್ದ, ಶನಿವಾರ ಭಾನುವಾರ ಕ್ಲಾರಿನೆಟ್ ನುಡಿಸುತ್ತಿದ್ದ.

ಮರುದಿನ ಸ್ಮಶಾನಕ್ಕೆ ಹೋದೆವು. ಊರಾಚೆಯ ಗುಡ್ಡದ ಇಳಿಜಾರು. ಕಾರ್ಖಾನೆಯ ಹತ್ತಿಪ್ಪತ್ತು ಜನ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದರು. ಕಲ್ಲಿನ ಮೇಲೆ ಅವರ ಲಿಪಿಯಲ್ಲಿ ಹೆಸರು, ಕೆಳಗೆ ಕನ್ನಡದಲ್ಲಿ ‘ನಾಗರಾಜ’. ನಮ್ಮ ಮನೆಯವರ ಟ್ರಂಕಿನ ಮೇಲೆ ಬರೆದದ್ದನ್ನು ನೋಡಿ ಕಲ್ಲುಕುಟಿಗ ತಿದ್ದಿದ್ದನಂತೆ. ‘ಜ’ ಸ್ವಲ್ಪ ಸೊಟ್ಟಗಾಗಿತ್ತು. ಒಂದನೇ ಕ್ಲಾಸಿನ ಮಕ್ಕಳು ಬರೆಯುವ ಹಾಗೆ. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆ ಸೊಟ್ಟ ಅಕ್ಷರ ನೋಡಿ ಅತ್ತುಬಿಟ್ಟೆ.

ಗುಂಪಿನಿಂದ ಸ್ವಲ್ಪ ದೂರದಲ್ಲಿ ಬಿಳಿ ಮೀಸೆಯ ಗಟ್ಟಿ ಆಳೊಬ್ಬ ನಿಂತಿದ್ದ. ಅವನೇ ರಾಮೋ. ಹತ್ತಿರ ಬಂದವನು ನನ್ನ ಮುಖವನ್ನೇ ನೋಡಿದ. ಏನೋ ಕೇಳಲು ಬಾಯಿ ತೆರೆದು ಸುಮ್ಮನಾದ.

ಶುಟ್ಕಾ

ರೋಮಾಗಳ ಕೇರಿಗೆ ಶುಟ್ಕಾ ಎಂದು ಹೆಸರು. ಹಿಂದೊಮ್ಮೆ ಆದ ಭೂಕಂಪದಲ್ಲಿ ಇವರ ಹಳೇ ಕೇರಿ ನೆಲಸಮವಾಯಿತಂತೆ. ಆಮೇಲೆ ಇಲ್ಲಿ ಮನೆ ಕಟ್ಟಿಸಿಕೊಟ್ಟರಂತೆ. ಆಯ್ಶೆ ಹೇಳುತ್ತಿದ್ದಾಗ, ರಾಮೋಗೂ ನಮ್ಮ ಮನೆಯವರಿಗೂ ಸ್ನೇಹ ಬೆಳೆದದ್ದು ಯಾಕೆಂದು ನನಗೆ ಅರ್ಥವಾಯಿತು. ನಮ್ಮ ಅತ್ತೆಯ ಊರು ಶರಾವತಿ ಹಿನ್ನೀರಿನಡಿ ಇದೆ. ಮುಳುಗಡೆಯ ಕಾಲಕ್ಕೆ ನಾಗರಾಜ ಸಣ್ಣ ಹುಡುಗ. ಆ ಊರು ಎಲ್ಲಿತ್ತು ಎಂದು ರಾಮೋಗೆ ಕಾಗದದ ಮೇಲೆ ನಕ್ಷೆ ಬರೆದು ತೋರಿಸುತ್ತಿದ್ದರಂತೆ.

ಮನೆಯ ಹೊಸ್ತಿಲಲ್ಲೇ ಚಪ್ಪಲಿ ಬಿಡಬೇಕು. ಅಷ್ಟಕ್ಕೇ ನನಗೆ ಅರ್ಧ ಊರಿಗೆ ಬಂದಂತಾಯಿತು. ಗೋಡೆಯ ಮೇಲೆ ಹಿಂದಿ ಸಿನಿಮಾ ನಟಿಯೊಬ್ಬಳ ದೊಡ್ಡ ಚಿತ್ರ. ರಾಮೋನ ಹೆಂಡತಿ ಫಾತಿಮೆ ನನ್ನ ಸೀರೆಯ ಸೆರಗು ಹಿಡಿದು ಬೆಳಕಿಗೆ ತೋರಿಸಿ, ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದಳು. ಆಮೇಲೆ ಶುರುವಾಯಿತು ಅವರ ಪರೀಕ್ಷೆ. ಮೂಗು ಮುಟ್ಟಿ “ನಾಕ್” ಎಂದರು, ಕಿವಿ ಮುಟ್ಟಿ “ಕಾನ್” ಎಂದರು. ಸಾಗರದ ಸಂತೆಗೆ ಬರುವ ಲಂಬಾಣಿ ಹೆಂಗಸರ ಮಾತು ಕೇಳಿದವಳಿಗೆ, ಶಾಲೆಯಲ್ಲಿ ಹಿಂದಿ ಕಲಿತವಳಿಗೆ ಅದೇನು ಕಷ್ಟ? ಫಾತಿಮೆ ಗ್ಲಾಸು ಎತ್ತಿ “ಪಾನಿ” ಎಂದಳು. ನಾನೂ “ಪಾನಿ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ರಾಮೋ ಹೇಳಿದ್ದನ್ನು ಆಯ್ಶೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅದನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

“ನಾಗರಾಜ್ ಬಂದ ಮೊದಲ್ನೇ ದಿನವೇ ನನ್ನ ಹತ್ರ ‘ಪಾನಿ’ ಅಂತ ಕೇಳ್ದ. ನಾನು ಅವನನ್ನ ತಬ್ಕೊಂಡ್ಬಿಟ್ಟೆ. ಈ ಕಾರ್ಖಾನೇಲಿ ಇಷ್ಟ್ ವರ್ಷ ಇದ್ದೀನಿ, ನನ್ನ ಮನೆ ಮಾತಲ್ಲಿ ನನ್ನ ಹತ್ರ ನೀರು ಕೇಳಿದ ಪರದೇಶಿ ಇವನೊಬ್ಬನೇ. ಕೊನೇವರೆಗೂ ನಾವಿಬ್ರೂ ಪಾನಿ ಅಂತಲೇ ಅಂತಿದ್ವಿ.”

ಕಾಫಿ ಬಂತು. ರಾಮೋ ಸಣ್ಣ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಆಮೇಲೆ ಮಗಳಿಗೆ ಏನೋ ಹೇಳಿದ. ಅವಳು ಹೇಳಲು ಒಲ್ಲೆ ಎಂಬಂತೆ ತಲೆ ತಗ್ಗಿಸಿದಳು. ಅವನು ಮತ್ತೆ ಹೇಳಿದ.

“ಅಪ್ಪ ಕೇಳ್ತಿದ್ದಾರೆ,” ಎಂದಳು ಆಯ್ಶೆ, “ನೀರಾ ಅಂದ್ರೆ ನೀವೇನಾ?”

“ನನ್ನ ಹೆಸರು ಸುಮಿತ್ರಾ.”

“ಮನೇಲಿ ಮುದ್ದಿಗೆ ಕರೆಯೋ ಹೆಸರು?”

“ಇಲ್ಲ. ಯಾಕೆ?”

ಫಾತಿಮೆ ಗಂಡನನ್ನು ದುರುಗುಟ್ಟಿ ನೋಡಿದಳು. ಕೊನೆಗೆ ಆಯ್ಶೆಯೇ ಹೇಳಿದಳು. ಆಸ್ಪತ್ರೆಯಲ್ಲಿ ಜ್ವರ ನೆತ್ತಿಗೇರಿದ ಮೇಲೆ ನಾಗರಾಜರಿಗೆ ಇಂಗ್ಲಿಷ್ ಮರೆತುಹೋಯಿತು, ಇಲ್ಲಿ ಕಲಿತ ಮಾತೆಲ್ಲ ಹೋಯಿತು. ಒಂದೇ ಹೆಸರು ಹಿಡಿದು ಕರೆಯುತ್ತಿದ್ದರು. ರಾಮೋ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು, “ಬರ್ತಾಳೆ, ನೀರಾ ಬರ್ತಾಳೆ” ಎಂದು ಸಮಾಧಾನ ಮಾಡುತ್ತಿದ್ದ. ಅವರು ಹೋದ ಮೇಲೆ ನಲವತ್ತು ದಿನ ಅವನು ಕ್ಲಾರಿನೆಟ್ ಮುಟ್ಟಲಿಲ್ಲ. ಮುಟ್ಟಿದ ದಿನ ಒಂದು ಹಾಡು ಕಟ್ಟಿದ. ‘ನೀರಾ’ ಎಂದೇ ಅದರ ಹೆಸರು. ಈಗ ಅದು ಕ್ಯಾಸೆಟ್ಟಾಗಿದೆ. ಅದನ್ನು ನುಡಿಸದ ಮದುವೆ ಶುಟ್ಕಾದಲ್ಲಿ ಇಲ್ಲ.

ನಾನು ಲೋಟ ಕೆಳಗಿಟ್ಟೆ. ಆಗಿನ ಸಂಕಟವನ್ನು ಹೇಗೆ ಬರೆಯಲಿ? ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ತೀರಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಯಾರವಳು? ಲಿಂಗನಮಕ್ಕಿ ಕಾಲನಿಯಲ್ಲಿ, ಸಾಗರದಲ್ಲಿ, ಇವರ ಓದಿನ ಕಾಲದಲ್ಲಿ? ಗೊತ್ತಿದ್ದ ಹೆಣ್ಣುಮಕ್ಕಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿದೆ. ನೀರಜಾ ಇದ್ದಳೇ? ನನ್ನ ಹೆಸರನ್ನು ಒಂದು ಸಲವೂ ಕರೆಯಲಿಲ್ಲವೇ ಎಂದು ಕೇಳಲು ನಾಲಿಗೆ ತುದಿಗೆ ಬಂತು. ಕೇಳಲಿಲ್ಲ.

ರಾಮೋ ಎದ್ದು ಹೊರಗೆ ಹೋದ. ಗೆಳೆಯನ ಗುಟ್ಟು ಬಿಟ್ಟುಕೊಟ್ಟೆ ಎಂದು ಅವನ ಸಂಕಟ.

ಮದುವೆ

ಮರುದಿನ ರಾಮೋನ ಅಣ್ಣನ ಮಗನ ಮದುವೆ. ನಾನು ಬರುವುದಿಲ್ಲ ಎಂದೆ. ನಮ್ಮಲ್ಲಿ ನನ್ನಂಥವಳು ಮದುವೆಯ ಎದುರಿಗೆ ಬರುವುದಿಲ್ಲ ಎಂದು ಕಾರಣ ಕೊಟ್ಟೆ. ಫಾತಿಮೆಗೆ ಅದು ತಲೆಬುಡ ಅರ್ಥವಾಗಲಿಲ್ಲ. ಕೈ ಹಿಡಿದು ಎಳೆದುಕೊಂಡೇ ಹೋದಳು.

ಮದುವೆ ಬೀದಿಯಲ್ಲೇ. ಬೆಳಿಗ್ಗೆ ಹೆಣ್ಣನ್ನು ಕರೆತರುವಾಗ ಹಳೇ ಪದ್ಧತಿಯ ವಾದ್ಯ. ಜುರ್ಲಾ ಎಂಬುದನ್ನು ಇಬ್ಬರು ಊದುತ್ತಿದ್ದರು. ನಮ್ಮ ವಾಲಗದ ಮೌರಿಯ ಅಕ್ಕ ತಂಗಿ ಅದು. ಒಬ್ಬ ಒಂದೇ ಸ್ವರವನ್ನು ಉಸಿರು ಕಡಿಯದೆ ಹಿಡಿದಿದ್ದರೆ, ಇನ್ನೊಬ್ಬ ಅದರ ಮೇಲೆ ಆಡುತ್ತಾನೆ. ತಪಾನ್ ಎಂಬ ದೊಡ್ಡ ಚರ್ಮವಾದ್ಯ ಹೆಗಲಿಗೆ ತೂಗುಬಿಟ್ಟಿರುತ್ತದೆ, ನಮ್ಮ ಡೊಳ್ಳಿನ ಹಾಗೆ. ಒಂದು ಕಡೆ ದಪ್ಪ ಕೋಲು, ಇನ್ನೊಂದು ಕಡೆ ತೆಳ್ಳಗಿನ ಬರಲು. ಅದರ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬೀಳುತ್ತದೆ. ಆ ಕುಣಿತದ ಗತ್ತಿಗೆ ಅವರು ಚೋಚೆಕ್ ಎನ್ನುತ್ತಾರೆ. ಎರಡು, ಎರಡು, ಎರಡು, ಮೂರು. ಆ ಕೊನೆಯ ಮೂರರಲ್ಲಿ ಹೆಜ್ಜೆ ಒಂದು ಚೂರು ತಡೆದು ಮುಂದೆ ಹೋಗುತ್ತದೆ. ಹೆಂಗಸರು ಕಾಲು ಹೆಚ್ಚು ಎತ್ತುವುದಿಲ್ಲ. ಕುಣಿತವೆಲ್ಲ ಸೊಂಟದಲ್ಲಿ, ಹೆಗಲಲ್ಲಿ.

ಮಧ್ಯಾಹ್ನದ ಮೇಲೆ ಹೊಸ ಕಾಲದ ಬ್ಯಾಂಡು ಬಂತು. ಲಾರಿಯ ಮೇಲೆ ಡ್ರಮ್ಮು, ಕರೆಂಟಿನ ಗಿಟಾರು, ಜರ್ಮನಿಯಿಂದ ತರಿಸಿದ ಕೀಬೋರ್ಡು. ಜುರ್ಲಾದವರು ಒಂದು ಮೂಲೆಯಲ್ಲಿ ಕೂತು ಊಟ ಮಾಡಿದರು. ಅವರನ್ನು ಯಾರೂ ಮಾತಾಡಿಸಲಿಲ್ಲ. ಮೈಕ್ ಸೆಟ್ ಬಂದ ಮೇಲೆ ನಮ್ಮ ವಾಲಗದವರು ಚಪ್ಪರದ ಬದಿಯಲ್ಲಿ ಕೂರುವ ಹಾಗೆಯೇ.

ರಾಮೋ ಕ್ಲಾರಿನೆಟ್ ಹಿಡಿದು ಲಾರಿ ಹತ್ತಿದ. ಒಂದೆರಡು ಹಾಡಾದ ಮೇಲೆ ಜನ ಕೂಗತೊಡಗಿದರು: “ನೀರಾ! ನೀರಾ!” ಅವನು ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದ. ಜನ ಬಿಡಲಿಲ್ಲ. ಕೀಬೋರ್ಡಿನ ಹುಡುಗ ತಾನೇ ಶುರುಮಾಡಿಬಿಟ್ಟ.

ಹಾಡು ಚೆನ್ನಾಗಿತ್ತು. ಅದನ್ನೂ ಹೇಳಬೇಕು. ಮೊದಲು ಕ್ಲಾರಿನೆಟ್ ಒಂದೇ, ಅಳುವವರು ಮಾತು ಹುಡುಕುವ ಹಾಗೆ. ಆಮೇಲೆ ಡ್ರಮ್ಮು ಸೇರಿ ಇಡೀ ಬೀದಿ ಕುಣಿತಕ್ಕೆ ಇಳಿಯಿತು. ಕೈಕೈ ಹಿಡಿದು ಉದ್ದದ ಸಾಲು. ಫಾತಿಮೆ ನನ್ನನ್ನೂ ಎಬ್ಬಿಸಿ ಸಾಲಿಗೆ ಸೇರಿಸಿದಳು. ಒಂದು ಪಕ್ಕ ಅವಳು, ಇನ್ನೊಂದು ಪಕ್ಕ ಆಯ್ಶೆ. ಊರಿನಲ್ಲಿ ಒಂದು ಅಕ್ಷತೆ ಕಾಳು ಮುಟ್ಟದವಳು ಪರದೇಶದ ಬೀದಿಯಲ್ಲಿ ಗಂಡನ ಪ್ರೇಯಸಿಯ ಹೆಸರಿನ ಹಾಡಿಗೆ ಕಾಲು ಎಳೆಯುತ್ತಿದ್ದೆ.

ನನ್ನ ಮುಖ ನೋಡಿ ಫಾತಿಮೆಗೆ ತಿಳಿಯಿತು. ಕುಣಿಯುತ್ತಲೇ ನನ್ನ ಕಿವಿಯ ಹತ್ತಿರ ಮಗಳಿಂದ ಹೇಳಿಸಿದಳು.

“ಅಮ್ಮ ಹೇಳ್ತಾಳೆ, ನೀವು ತಪ್ಪು ತಿಳ್ಕೋಬೇಡಿ. ಅಮ್ಮನೂ ಆಸ್ಪತ್ರೇಲಿದ್ದಳು. ಅದು ಪ್ರೀತಿಸಿದವಳನ್ನ ಕರೆಯೋ ಹಾಗಿರ್ಲಿಲ್ಲ. ಮಗು ಕರೆಯೋ ಹಾಗಿತ್ತು. ನೀರಾ ಅಂತ ಮಾಡಿದ್ದು ಅಪ್ಪ, ಹಾಡಿಗೆ ಹೆಣ್ಣಿನ ಹೆಸರು ಬೇಕಲ್ಲ. ಅವರು ಅಂತಿದ್ದದ್ದು ಬರೀ ನೀರ್, ನೀರ್ ಅಂತ. ಆಮೇಲೆ ಇನ್ನೊಂದು ಮಾತು. ನಾವು ಅದು ಮನೆತನದ ಹೆಸರು ಅಂದ್ಕೊಂಡ್ವಿ.”

“ಎಂತ ಮಾತು?”

ಆಯ್ಶೆ ಅಮ್ಮನನ್ನು ಕೇಳಿದಳು. ಫಾತಿಮೆ ಕಣ್ಣು ಅರೆಮುಚ್ಚಿ, ನೆನಪು ಮಾಡಿಕೊಂಡು, ಒಣ ತುಟಿಯ ಮೇಲೆ ನಾಲಿಗೆ ಆಡಿಸಿ, ನಾಗರಾಜ ಹೇಗೆ ಹೇಳಿದರೋ ಹಾಗೆಯೇ ಹೇಳಿದಳು.

“ನೀರ್ ಕೊದು. ನೀರ್ ಕೊದು.”

ನನ್ನ ಕಾಲು ನಿಂತಿತು. ಸಾಲು ನನ್ನನ್ನು ಎಳೆದುಕೊಂಡೇ ಎರಡು ಹೆಜ್ಜೆ ಹೋಯಿತು. ಕೈ ಬಿಡಿಸಿಕೊಂಡು ಬದಿಯ ಕಟ್ಟೆಯ ಮೇಲೆ ಕುಸಿದು ಕೂತೆ. ಬಿಸಿಲಿಗೆ ತಲೆ ಸುತ್ತಿತು ಎಂದುಕೊಂಡು ಯಾರೋ ಓಡಿದರು. ಫಾತಿಮೆ ಗ್ಲಾಸು ತಂದು ನನ್ನ ಬಾಯಿಗೆ ಹಿಡಿದಳು.

“ಪಾನಿ,” ಎಂದಳು. “ಪಾನಿ, ಪಾನಿ.”

ನಾನು ಗ್ಲಾಸಿನೊಳಗೆ ಬೆರಳಿಟ್ಟು ತೋರಿಸಿದೆ. ಹೇಳಬೇಕು ಎಂದು ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಅದೊಂದೇ ಬಂತು.

“ನೀರು,” ಎಂದೆ. “ಇದೇ. ನಮ್ಮ ಮಾತಲ್ಲಿ ಇದಕ್ಕೆ ನೀರು ಅಂತಾರೆ.”

ನಾನು ಆಡಿದ್ದು ಆಯ್ಶೆಗೂ ತಿಳಿಯದ ಕನ್ನಡ. ಆದರೆ ಫಾತಿಮೆಗೆ ತಿಳಿಯಿತು. ಅವಳ ಕೈಯಲ್ಲಿದ್ದ ಗ್ಲಾಸು ವಾಲಿ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. ಲಾರಿಯ ಮೇಲೆ ರಾಮೋ ಕಣ್ಣು ಮುಚ್ಚಿ ನುಡಿಸುತ್ತಿದ್ದ. ಬೀದಿಗೆ ಬೀದಿಯೇ “ನೀರಾ, ನೀರಾ” ಎಂದು ಹಾಡುತ್ತಿತ್ತು. ಫಾತಿಮೆ ಅವನನ್ನೊಮ್ಮೆ ನೋಡಿ, ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಹಾಡು ಮುಗಿಯುವವರೆಗೂ ನಾವಿಬ್ಬರೂ ಅಲ್ಲಾಡಲಿಲ್ಲ.

ಮತ್ತೆ ಗುಡ್ಡದ ಮೇಲೆ

ಹೊರಡುವ ದಿನ ಬೆಳಿಗ್ಗೆ ಸ್ಮಶಾನಕ್ಕೆ ಇನ್ನೊಮ್ಮೆ ಹೋದೆ. ರಾಮೋ ಆಗಲೇ ಬಂದು ಕಲ್ಲಿನ ಹತ್ತಿರ ನೆಲದ ಮೇಲೆ ಕೂತಿದ್ದ. ಫಾತಿಮೆ ಹೇಳಿದ್ದಾಳೆ ಎಂದು ಅವನ ಬೆನ್ನು ನೋಡಿಯೇ ಗೊತ್ತಾಯಿತು. ಜೊತೆಗೆ ಬಂದ ಆಯ್ಶೆ ದೂರವೇ ನಿಂತಳು. ಅವನು ಕರೆದ ಮೇಲೆ ಬಂದು ಅವನ ಮಾತನ್ನು ಹೇಳಿದಳು.

“ಕಿಟಕಿ ಹತ್ರ ಹೂಜಿ ಇತ್ತು. ನಾನೇ ತುಂಬಿಸಿಟ್ಟಿದ್ದೆ. ನನಗೆ ಬಾಯಾರಿದಾಗ ಕುಡೀತಿದ್ದೆ. ಅವನು ಕೇಳ್ತಿದ್ದ, ನಾನು ಕುಡೀತಿದ್ದೆ. ಬರ್ತಾಳೆ ಬರ್ತಾಳೆ ಅಂತಿದ್ದೆ.” ಆಮೇಲೆ ಕಲ್ಲಿನ ಕಡೆ ತಿರುಗಿ, “ಪಾನಿ ಅಂದಿದ್ರೆ ಸಾಕಿತ್ತು. ಯಾಕೆ ಪಾನಿ ಅನ್ಲಿಲ್ಲ?” ಎಂದ.

ಅದು ನಮ್ಮ ಮಾತಲ್ಲ ಎಂದು ಹೇಗೆ ಹೇಳಲಿ? ನಾಗರಾಜ ವರ್ಷವಿಡೀ ಈ ಮನುಷ್ಯನ ಸಂತೋಷಕ್ಕಾಗಿ ಆಡಿದ ಮಾತು ಅದು. ಜ್ವರದಲ್ಲಿ ಅಂಥ ಉಪಕಾರದ ಮಾತುಗಳೆಲ್ಲ ಬಿದ್ದುಹೋಗಿ, ಅಮ್ಮ ಕಲಿಸಿದ್ದೊಂದೇ ಉಳಿದಿತ್ತು.

“ನೀವು ಕೈ ಹಿಡ್ಕೊಂಡಿದ್ರಲ್ಲ,” ಎಂದೆ. “ನಮ್ಮಲ್ಲಿ ಯಾರಿಗೂ ಅಷ್ಟೂ ಆಗ್ಲಿಲ್ಲ.”

ರಾಮೋ ಕೋಟಿನೊಳಗಿಂದ ಬಾಟಲಿ ತೆಗೆದ. ಅವರಲ್ಲಿ ಗೋರಿಯ ಮೇಲೆ ಹೆಂಡ ಸುರಿಯುವವರೂ ಉಂಟು ಎಂದು ಕೇಳಿದ್ದೆ. ಇದರಲ್ಲಿ ಇದ್ದದ್ದು ನೀರು. ಕಲ್ಲಿನ ಬುಡಕ್ಕೆ ನಿಧಾನ ಸುರಿದ. ಒಣನೆಲ ಸದ್ದು ಮಾಡಿಕೊಂಡು ಕುಡಿಯಿತು. ಅರ್ಧ ಉಳಿಸಿ ನನಗೆ ಕೊಟ್ಟ. ನಾನೂ ಸುರಿದೆ.

ಇಳಿಯುವಾಗ ಕೇಳಿದ: “ಆ ಹಾಡು ಏನು ಮಾಡ್ಲಿ? ನಾನು ನುಡಿಸೋದು ಬಿಡಬಹುದು. ಆದ್ರೆ ಕ್ಯಾಸೆಟ್ ಎಲ್ಲಾ ಕಡೆ ಹೋಗಿದೆ. ಮಕ್ಕಳು ಅದಕ್ಕೇ ಕುಣೀತಾರೆ.”

“ಕುಣೀಲಿ ಬಿಡಿ,” ಎಂದೆ. ಸತ್ಯ ಹೇಳದೆ ಬಂದಿದ್ದರೆ ಅವನು ಸುಖವಾಗಿ ನುಡಿಸಿಕೊಂಡಿರುತ್ತಿದ್ದ. ನಾನು ಮಾತ್ರ ಇಲ್ಲದ ಹೆಂಗಸೊಬ್ಬಳನ್ನು ಹೊತ್ತು ಬದುಕಬೇಕಿತ್ತು. ಯಾವುದು ಸರಿ ಎಂದು ತೂಗಿ ನೋಡುವ ಶಕ್ತಿ ನನಗಿಲ್ಲ.

ಮನೆ

ಸಾಗರದ ಬಸ್ ಸ್ಟ್ಯಾಂಡಿನಿಂದ ಮನೆಗೆ ಬಂದಾಗ ಅತ್ತೆ ಜಗಲಿಯಲ್ಲೇ ಕೂತಿದ್ದರು. ಕಲ್ಲಿನ ವಿಷಯ ಹೇಳಿದೆ, ಕನ್ನಡ ಅಕ್ಷರದ ವಿಷಯ ಹೇಳಿದೆ. ಗುಡ್ಡ ಹೇಗಿದೆ, ನೆರಳಿದೆಯೇ ಎಂದು ವಿಚಾರಿಸಿದರು. ನಾನು ಕೈಕಾಲು ತೊಳೆದು ಬಂದು ಕೂತ ಮೇಲೆ, ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದನ್ನು ಕೇಳಿದರು.

“ಹೋಗೋ ಹೊತ್ತಲ್ಲಿ ಅವನ ಬಾಯಿಗೆ ಒಂದ್ ತೊಟ್ಟು ನೀರು ಬಿಟ್ರಾ ಯಾರಾದ್ರೂ?”

ಅತ್ತೆ ನನ್ನ ಕಣ್ಣನ್ನೇ ನೋಡುತ್ತಿದ್ದರು.

“ಬಿಟ್ರು ಅತ್ತೆ,” ಎಂದೆ.

“ಯಾರು?”

“ಫಾತಿಮೆ ಅಂತ ಒಬ್ಬಳು. ಅವರ ಸ್ನೇಹಿತನ ಹೆಂಡ್ತಿ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಎಲ್ಲಿಯ ಹೆಣ್ಣೋ ಎಂತದೋ, ಪುಣ್ಯಾತ್‌ಗಿತ್ತಿ” ಎಂದರು.

ಆಮೇಲೆ ಅತ್ತೆ ಬದುಕಿದ್ದಷ್ಟು ಕಾಲ, ಸಂಜೆ ದೀಪ ಹಚ್ಚಿ ಸಿಗಂದೂರಮ್ಮನಿಗೆ ಕೈ ಮುಗಿಯುವಾಗ ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು, ನನ್ನ ಹೆಸರು ಎಲ್ಲ ಹೇಳಿ, ಕಡೆಗೆ “ಆ ಫಾತಿಮೆಯೂ ಚೆನ್ನಾಗಿರ್ಲಿ ತಾಯಿ” ಎನ್ನುತ್ತಿದ್ದರು. ಅವರ ಹಿಂದೆ ನಿಂತು ನಾನೂ ಕೈ ಮುಗಿಯುತ್ತಿದ್ದೆ.